ಕೂಸನ್ನಲ್ಲ, ಕೂಸಿನ ಅಣ್ಣನನ್ನು ನೋಡಿ!

ಬಾಣಂತಿ ಇರುವ ಮನೆಗೆ ಹೋದರೆ ಎಲ್ಲರ ಕಣ್ಣೂ ನೆಟ್ಟಗೆ ತೊಟ್ಟಿಲೊಳಗೇ ಇಳಿಯುತ್ತವೆ. ಮೂಗು ಯಾರದು, ಬಣ್ಣ ಯಾರದು, ಕಿವಿ ಅಜ್ಜನದೇ ಅಲ್ಲವೇ ಎಂಬ ಪಂಚಾಯಿತಿ ಶುರುವಾಗುತ್ತದೆ. ಆಗಲಿ, ಅದೂ ಬೇಕು. ಆದರೆ ಆ ಗದ್ದಲದ ನಡುವೆ ಒಮ್ಮೆ ಕಣ್ಣು ಹೊರಳಿಸಿ, ತೊಟ್ಟಿಲ ಅಂಚು ಹಿಡಿದು ತುದಿಗಾಲ ಮೇಲೆ ನಿಂತ ನಾಲ್ಕು ವರ್ಷದವನನ್ನು ನೋಡಿ. ಅಬ್ಬಾ, ಅಲ್ಲಿ ಏನೇನು ನಡೆಯುತ್ತಿದೆ! ಯಾರೂ ಕಲಿಸದ ವಿದ್ಯೆಯನ್ನು ಅವನು ಯಾರಿಗೂ ಹೇಳದೆ ಪ್ರಯೋಗಿಸುತ್ತಿರುತ್ತಾನೆ, ನಾವು ಮೂಗಿನ ಚರ್ಚೆಯಲ್ಲೇ ಇರುತ್ತೇವೆ.

ಧಾರವಾಡದ ನಮ್ಮ ಮನೆಯಲ್ಲಿ ಈ ಮಳೆಗಾಲಕ್ಕೆ ನನ್ನ ತಂಗಿಯ ಎರಡನೆಯ ಬಾಣಂತನ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಪಡಸಾಲೆಯ ಉದ್ದಕ್ಕೂ ಹಗ್ಗ, ಹಗ್ಗದ ತುಂಬ ಒಣಗದ ಕೂಸಿನ ಅರಿವೆ. ಅಡುಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ, ಡಬ್ಬಿಯಲ್ಲಿ ಅಂಟಿನ ಉಂಡಿ. ಹೆಣ್ಣುಕೂಸು ಮನೆಗೆ ಬಂದ ದಿನದಿಂದ ಹಿರಿಯ ಮಗನನ್ನು ಎಲ್ಲರೂ ಕರೆಯುವುದು 'ದೊಡ್ಡಾಂವ' ಎಂದೇ. ಈ ದೊಡ್ಡಾಂವ ಬೀದಿಯಿಂದ ಓಡಿ ಬಂದು ನನಗೆ ಸುದ್ದಿ ಹೇಳಿದ: "ಮಾಮಾ, ಅಲ್ಲೆ ರಸ್ತೆದಾಗ ಜೇಸಿಬಿ ಬಂದೈತಿ, ಅದು ಮಣ್ಣ ತಗದು ತಗದು ಲಾರಿಗೆ ಹಾಕಾಕತ್ತೈತಿ, ಲಾರಿ ತುಂಬಿದ ಮ್ಯಾಲೆ ಇನ್ನೊಂದ ಲಾರಿ ಬರ್ತೈತಂತ!" ಉಸಿರು ಬಿಡದ ಉದ್ದನೆಯ ವಾಕ್ಯ. ಮರುಕ್ಷಣ ಅದೇ ಸುದ್ದಿಯನ್ನು ತೊಟ್ಟಿಲಿಗೆ ಬಾಗಿ ಹೇಳಿದ: "ಪುಟ್ಟೀ... ಏ ಪುಟ್ಟೀ... ನೋಡಿಲ್ಲೆ. ಜೇಸಿಬಿ! ದೊಡ್ಡದು! ಢರ್ರ್!"

ಕೇಳಿದಿರಾ? ದನಿ ಏರಿತು, ವಾಕ್ಯ ತುಂಡಾಯಿತು, ನಡುನಡುವೆ ಕರೆ ಬಂತು, ಒಂದೊಂದು ಪದಕ್ಕೂ ಒಂದೊಂದು ಜೋಕಾಲಿ!

ಇದು ನಮ್ಮ ಮನೆಯ ಹುಡುಗನ ಜಾಣತನ ಮಾತ್ರ ಎಂದು ಬೀಗಬೇಕೆಂದುಕೊಂಡರೆ, ಹಾಗೆ ಬೀಗಲು ಜಗತ್ತಿನ ಎಲ್ಲ ಮಾಮಂದಿರಿಗೂ ಹಕ್ಕಿದೆ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಮರಿಲಿನ್ ಶಾಟ್ಸ್ ಮತ್ತು ರೋಷೆಲ್ ಗೆಲ್ಮನ್ ನಾಲ್ಕು ವರ್ಷದ ಮಕ್ಕಳ ಕೈಗೆ ಒಂದು ಆಟಿಕೆ ಕೊಟ್ಟು, ಇದು ಹೇಗೆ ಕೆಲಸ ಮಾಡುತ್ತದೆಂದು ಒಮ್ಮೆ ದೊಡ್ಡವರಿಗೆ, ಒಮ್ಮೆ ಎರಡು ವರ್ಷದ ಮಗುವಿಗೆ ಹೇಳಿಸಿದರು. ಎರಡು ವರ್ಷದವರ ಮುಂದೆ ಆ ಮಕ್ಕಳ ವಾಕ್ಯಗಳು ತಾವಾಗಿಯೇ ಚಿಕ್ಕವಾದವು, ಸರಳವಾದವು. 'ನೋಡು', 'ಇಲ್ಲಿ' ಎಂದು ಗಮನ ಸೆಳೆಯುವ ಮಾತುಗಳು ಹೆಚ್ಚಾದವು. ಇನ್ನೂ ಸೋಜಿಗವೆಂದರೆ, ಮನೆಯಲ್ಲಿ ತಮ್ಮ-ತಂಗಿ ಇಲ್ಲದ ಮಕ್ಕಳೂ ಹಾಗೆಯೇ ಮಾತಾಡಿದರು! ಕೇಳುವವರ ಬುದ್ಧಿಗೆ ತಕ್ಕಂತೆ ಮಾತನ್ನು ಕತ್ತರಿಸುವ ಈ ಕಲೆ ಎಷ್ಟೋ ಭಾಷಣಕಾರರಿಗೆ ಅರವತ್ತು ದಾಟಿದರೂ ಬರುವುದಿಲ್ಲ. ನಾಲ್ಕು ವರ್ಷದವನಿಗೆ ಬಂದಿದೆ.

ಇನ್ನು ತೊಟ್ಟಿಲೊಳಗಿನವಳ ಕಡೆಗೆ ಬರೋಣ. ಅವಳಿಗೆ ಇದೆಲ್ಲ ಏನು ತಿಳಿಯುತ್ತದೆ, ಹಸಿಮಾಂಸದ ಮುದ್ದೆ ಎನ್ನುವವರಿದ್ದಾರೆ. ಅವರಿಗೆ 1980ರ ಒಂದು ಪ್ರಯೋಗದ ಕತೆ ಹೇಳಬೇಕು. ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬಿಬ್ಬರು ಹುಟ್ಟಿ ಮೂರು ದಿನವೂ ತುಂಬದ ಕೂಸುಗಳ ಕಿವಿಗೆ ಹೆಡ್‌ಫೋನ್ ಇಟ್ಟು ಬಾಯಿಗೆ ರಬ್ಬರ್ ತೊಟ್ಟು ಕೊಟ್ಟರು. ಚೀಪುವ ಲಯ ಒಂದು ರೀತಿ ಇದ್ದರೆ ಅಮ್ಮನ ದನಿ, ಇನ್ನೊಂದು ರೀತಿ ಇದ್ದರೆ ಬೇರೊಬ್ಬ ಹೆಂಗಸಿನ ದನಿ. ಕೂಸುಗಳು ಏನು ಮಾಡಿದವು ಗೊತ್ತೇ? ಅಮ್ಮನ ದನಿ ಬರುವಂತೆ ಚೀಪುವ ಲಯವನ್ನೇ ಬದಲಿಸಿಕೊಂಡವು! ಕತ್ತು ನಿಲ್ಲದ, ಕೈ ಯಾವುದು ಕಾಲು ಯಾವುದು ಅರಿಯದ ಜೀವ ತನಗೆ ಬೇಕಾದ ಸ್ಟೇಷನ್ನಿಗೆ ತಾನೇ ರೇಡಿಯೊ ತಿರುಗಿಸಿಕೊಂಡಿತು.

ಅಷ್ಟಕ್ಕೇ ನಿಲ್ಲಲಿಲ್ಲ. 1986ರಲ್ಲಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಬಸುರಿಯರಿಗೆ ಕೊನೆಯ ಆರು ವಾರ ದಿನಕ್ಕೆರಡು ಸಲ ಒಂದೇ ಕತೆಯನ್ನು ಗಟ್ಟಿಯಾಗಿ ಓದಲು ಹೇಳಿದರು. ಡಾಕ್ಟರ್ ಸ್ಯೂಸ್ ಬರೆದ 'ದಿ ಕ್ಯಾಟ್ ಇನ್ ದ ಹ್ಯಾಟ್' ಆ ಓದಿನಲ್ಲಿ ಸೇರಿತ್ತು. ಹುಟ್ಟಿದ ಮೇಲೆ ಕೂಸುಗಳು ಹೊಸ ಕತೆಗಿಂತ ಹೊಟ್ಟೆಯೊಳಗೆ ಕೇಳಿದ ಕತೆಯನ್ನೇ ಆರಿಸಿಕೊಂಡವು. ಬೇರೆ ಹೆಂಗಸು ಓದಿದರೂ ಸರಿ! ಅರ್ಥ ತಿಳಿದಿರಲಿಲ್ಲ, ನಿಜ. ಆದರೆ ಮಾತಿನ ಏರಿಳಿತವನ್ನು, ಓಟವನ್ನು ನೀರಿನ ಮನೆಯಲ್ಲಿ ಕೂತೇ ಬಾಯಿಪಾಠ ಮಾಡಿದ್ದವು. ಅಂದರೆ ನನ್ನ ತಂಗಿ ಹೊಟ್ಟೆ ಹೊತ್ತುಕೊಂಡು "ಬ್ಯಾಡಪಾ, ನೀರಾಗ ಆಡಬ್ಯಾಡ, ಇಳೀ ಕೆಳಗ" ಎಂದು ಮೊದಲನೆಯವನನ್ನು ಗದರಿದ್ದೆಲ್ಲ ಎರಡನೆಯವಳಿಗೆ ಮೊದಲ ಪಾಠವಾಗಿರಬೇಕು!

(ಅಪ್ಪಂದಿರಿಗೆ ಒಂದು ಕಹಿ ಸುದ್ದಿಯಿದೆ. 1984ರ ಇನ್ನೊಂದು ಪ್ರಯೋಗದಲ್ಲಿ ನವಜಾತ ಕೂಸುಗಳು ಅಪ್ಪನ ದನಿಗೆ ವಿಶೇಷ ಒಲವನ್ನೇನೂ ತೋರಲಿಲ್ಲ. ವಾರಕ್ಕೊಮ್ಮೆ ಬಂದು "ನನ್ನ ಗುರುತು ಹಿಡಿದಾಳ್ರೀ" ಎನ್ನುವ ನಮ್ಮ ಮನೆ ಅಳಿಯಂದಿರಿಗೆ ಇದನ್ನು ನಾನಿನ್ನೂ ಹೇಳಿಲ್ಲ.)

ಮತ್ತೆ ಆ ಅಳು! ಎಲ್ಲ ಕೂಸೂ ಒಂದೇ ಥರ ಅಳುತ್ತವೆ ಎಂದುಕೊಂಡಿದ್ದೆವಲ್ಲ? 2009ರಲ್ಲಿ ಜರ್ಮನಿಯ ಕ್ಯಾಥ್ಲೀನ್ ವರ್ಮ್ಕೆ ಮತ್ತು ಸಂಗಡಿಗರು 30 ಫ್ರೆಂಚ್, 30 ಜರ್ಮನ್ ಕೂಸುಗಳ ಅಳುವನ್ನು ಮುದ್ರಿಸಿಕೊಂಡು ಅಳೆದರು. ಎಲ್ಲವೂ ಹುಟ್ಟಿ ವಾರವೂ ಆಗದವು. ಫ್ರೆಂಚ್ ಕೂಸಿನ ಅಳು ತಗ್ಗಿನಿಂದ ಏರಿತು, ಜರ್ಮನ್ ಕೂಸಿನದು ಮೇಲಿನಿಂದ ಇಳಿಯಿತು. ಆಯಾ ಭಾಷೆಯ ಮಾತಿನ ಓಟ ಹೇಗಿದೆಯೋ ಹಾಗೆಯೇ! ಮೊದಲ ಪದ ಬರಲು ಇನ್ನೂ ಹೆಚ್ಚುಕಡಿಮೆ ಒಂದು ವರ್ಷವಿದೆ, ಊರಿನ ರಾಗ ಆಗಲೇ ಗಂಟಲಲ್ಲಿದೆ. ಇದನ್ನು ಓದಿದ ರಾತ್ರಿ ನಮ್ಮ ಕೂಸು ಕಿರುಚಿದಾಗ ನಾನು ಎದ್ದು ಕೂತು ಧಾರವಾಡದ ರಾಗ ಹುಡುಕಿದೆ. ಮನೆಯವರಿಗೆ ನನ್ನ ಬಗ್ಗೆ ಚಿಂತೆಯಾಯಿತು.

ದೊಡ್ಡಾಂವನಿಗೆ ಮಾತ್ರ ಆ ಅಳುವಿನ ಮೇಲೆ ಬೇರೆಯೇ ಅನುಮಾನ. ಬಾಯಿ ಇಷ್ಟಗಲ ತೆರೆದು ಮುಖ ಕೆಂಪಾಗಿಸಿಕೊಂಡವಳನ್ನು ಹತ್ತಿರದಿಂದ ಪರೀಕ್ಷಿಸಿ ತನ್ನ ಆಯಿಗೆ, ಅಂದರೆ ನಮ್ಮವ್ವನಿಗೆ, ತೀರ್ಪು ಕೊಟ್ಟ: "ಸುಳ್ಳ ಅಳಾಕತ್ತಾಳ ಆಯೀ, ಕಣ್ಣಾಗ ನೀರ ಇಲ್ಲ!" ಎಲ್ಲರೂ ನಕ್ಕೆವು. ಆದರೆ ಹುಡುಗನ ಕಣ್ಣು ಎಷ್ಟು ಚುರುಕು ನೋಡಿ! ಮೊದಲ ಕೆಲವು ವಾರ ಕೂಸಿನ ಅಳುವಿಗೆ ಕಣ್ಣೀರೇ ಇರುವುದಿಲ್ಲ. ಕಣ್ಣು ಒಣಗದಷ್ಟು ಪಸೆ ಇರುತ್ತದೆ. ಕೆನ್ನೆಗೆ ಇಳಿಯುವಷ್ಟು ನೀರು ಆಮೇಲೆ. ಹತ್ತಾರು ಕೂಸುಗಳನ್ನು ಎತ್ತಿ ಆಡಿಸಿದ ನಾನು ಇದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಅವನು ನೋಡುವ ದೂರವೂ ಸರಿಯೇ. ನಾವು ದೊಡ್ಡವರು ನಿಂತಲ್ಲಿಂದಲೇ ಬಗ್ಗಿ ಚಪ್ಪಾಳೆ ತಟ್ಟುತ್ತೇವೆ, ಗಿಲಕಿ ಆಡಿಸುತ್ತೇವೆ. ಕೂಸಿಗೆ ನಾವೊಂದು ಮಬ್ಬು ನೆರಳು ಅಷ್ಟೇ. ನವಜಾತ ಕಣ್ಣಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ, ಹೆಚ್ಚುಕಡಿಮೆ ಮೊಲೆಯುಣ್ಣುವಾಗ ಅಮ್ಮನ ಮುಖ ಇರುವಷ್ಟು. ದೊಡ್ಡಾಂವ ಮೂಗಿಗೆ ಮೂಗು ತಾಗುವಂತೆ ಮುಖ ಚಾಚುತ್ತಾನೆ, ಆಯಿ "ದೂರ ಸರಿಯೋ" ಎಂದು ಜಗ್ಗುತ್ತಾಳೆ, ಅವನು ಗೇಣು ಹಿಂದೆ ಬರುತ್ತಾನೆ. ಅಷ್ಟೇ! ಕೂಸಿಗೆ ಅಣ್ಣನ ಮುಖ ಕಾಣುವ ಜಾಗ ಅದೇ.

ಮುಂಜಾನೆಯ ಎರೆಯುವ ಹೊತ್ತಂತೂ ನನ್ನ ಪಾಲಿಗೆ ದೊಡ್ಡ ಜಾತ್ರೆ. ನಮ್ಮವ್ವ ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂಡುತ್ತಾಳೆ. ಚಾಚಿದ ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು. ಹಂಡೆಯಿಂದ ತೋಡಿದ ನೀರಿಗೆ ಮೊಣಕೈ ಅದ್ದಿ ಹದ ನೋಡುವುದು, ನೆತ್ತಿಯ ಮೇಲೆ ಅಂಗೈ ಅಡ್ಡ ಹಿಡಿದು ಧಾರೆ ಬಿಡುವುದು, ಬೋರಲು ಹಾಕಿ ಬೆನ್ನು ತಿಕ್ಕುವುದು. ದೊಡ್ಡಾಂವ ಟವೆಲ್ ಹಿಡಿದು ಬಾಗಿಲಲ್ಲೇ ಕಾವಲು. ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಕೂಸು ಬೆಚ್ಚಿ ಎರಡೂ ಕೈ ಅಗಲಿಸಿತು, ಬೆರಳು ಬಿಚ್ಚಿತು, ಮತ್ತೆ ಮೆಲ್ಲಗೆ ಕೈಗಳನ್ನು ಎದೆಯ ಕಡೆ ತಂದುಕೊಂಡಿತು. "ನನ್ನ ಕರದ್ಲು! ಅಪ್ಪಿಕೊ ಅಂದ್ಲು!" ಎಂದು ದೊಡ್ಡಾಂವ ಕುಣಿದುಬಿಟ್ಟ.

ಈಗ ಕೇಳಿ ಬೆರಗನ್ನು. ಈ ಚಲನೆಯನ್ನು 1918ರಲ್ಲಿ ವಿವರಿಸಿದವನು ಹೈಡೆಲ್‌ಬರ್ಗಿನ ಮಕ್ಕಳ ವೈದ್ಯ ಅರ್ನ್ಸ್ಟ್ ಮೋರೊ. ಇವತ್ತಿಗೂ ವೈದ್ಯರು ಹುಟ್ಟಿದ ಕೂಸಿನಲ್ಲಿ 'ಮೋರೊ ರಿಫ್ಲೆಕ್ಸ್' ಇದೆಯೇ ಎಂದು ಪರೀಕ್ಷಿಸುತ್ತಾರೆ. ನಾಲ್ಕಾರು ತಿಂಗಳಲ್ಲಿ ಅದು ತಾನೇ ಮಾಯವಾಗುತ್ತದೆ. ಮೋರೊ ಅದಕ್ಕೆ ಕೊಟ್ಟ ವಿವರಣೆ ಏನು? ಇದು ತಬ್ಬಿಕೊಳ್ಳುವ ಚಲನೆ, ತಾಯಿಯನ್ನು ಅಪ್ಪಿ ಹಿಡಿಯುತ್ತಿದ್ದ ಪ್ರಾಚೀನ ಕಾಲದ ಉಳಿಕೆ ಎಂದು! ಹೈಡೆಲ್‌ಬರ್ಗಿನ ವೈದ್ಯನೂ ನಮ್ಮ ಬಚ್ಚಲ ಬಾಗಿಲಲ್ಲಿ ನಿಂತವನೂ ಒಂದೇ ದೃಶ್ಯ ನೋಡಿ ಒಂದೇ ಮಾತು ಹೇಳಿದ್ದಾರೆ.

ಮುಷ್ಟಿಯ ಕತೆಯೂ ಅದೇ ಹಾದಿಯದು. ಅಣ್ಣನ ತೋರುಬೆರಳು ಸಿಕ್ಕರೆ ಕೂಸು ಗಪ್ಪನೆ ಹಿಡಿಯುತ್ತದೆ. "ಬಿಡವಲ್ಲಳು ಮಾಮಾ!" ಎನ್ನುತ್ತಾನೆ, ಬಿಡಿಸಿಕೊಳ್ಳಲು ಒಂಚೂರೂ ಮನಸ್ಸಿಲ್ಲದ ದನಿಯಲ್ಲಿ. 1891ರಲ್ಲಿ ಲೂಯಿಸ್ ರಾಬಿನ್ಸನ್ ಎಂಬ ಇಂಗ್ಲಿಷ್ ವೈದ್ಯ ಹುಟ್ಟಿ ತಿಂಗಳೂ ತುಂಬದ ಸುಮಾರು 60 ಕೂಸುಗಳಿಗೆ ಕೋಲು ಹಿಡಿಸಿ ಮೇಲೆತ್ತಿದ. ಬಹುತೇಕ ಎಲ್ಲವೂ ಹತ್ತು ಸೆಕೆಂಡಾದರೂ ತಮ್ಮ ಇಡೀ ಭಾರ ಹೊತ್ತು ತೂಗಿದವು! (ದಯವಿಟ್ಟು ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ. ಆ ಕಾಲದ ವೈದ್ಯರ ಧೈರ್ಯವೇ ಬೇರೆ.)

ಎರೆದ ಮೇಲೆ ಲೋಬಾನದ ಹೊಗೆ ಹಾಕುವ ಪದ್ಧತಿ ನಮ್ಮಲ್ಲಿತ್ತು. ಎಳೆಯ ಶ್ವಾಸಕ್ಕೆ ಹೊಗೆ ಒಳ್ಳೆಯದಲ್ಲವೆಂದು ಮಕ್ಕಳ ಡಾಕ್ಟರು ಹೇಳಿದ್ದರಿಂದ ಈ ಸಲ ಬಿಟ್ಟೆವು. ಅವ್ವ ಇನ್ನೂ ಗೊಣಗುತ್ತಿದ್ದಾಳೆ. ವಾಸನೆಯ ಮಾತಿಗೆ ನೆನಪಾಯಿತು. 1994ರಲ್ಲಿ ಸ್ವೀಡನ್ನಿನ ಸಂಶೋಧಕರು ಹೆರಿಗೆಯಾದ ಕೂಡಲೇ ತಾಯಂದಿರ ಒಂದು ಸ್ತನವನ್ನು ಮಾತ್ರ ತೊಳೆದು, ಕೂಸನ್ನು ಎರಡರ ನಡುವೆ ಮಲಗಿಸಿದರು. 30ರಲ್ಲಿ 22 ಕೂಸುಗಳು ಹುಡುಕಿಕೊಂಡು ಹೋದದ್ದು ತೊಳೆಯದ ಕಡೆಗೆ! ಮೂಗು ಯಾರದೆಂದು ಚರ್ಚಿಸುವ ನಾವು ಆ ಮೂಗಿನ ಕೆಲಸವನ್ನೇ ಮರೆತಿದ್ದೆವಲ್ಲ.

ರಾತ್ರಿ? ರಾತ್ರಿ ಎಂಬುದು ಕೂಸಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ದೇಹದೊಳಗಿನ ಗಡಿಯಾರ ಹಗಲಿರುಳಿಗೆ ಹೊಂದಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಆ ಗಡಿಯಾರಕ್ಕೆ ಸುಳಿವು ಬರುವುದು ಎದೆಹಾಲಿನಲ್ಲಿ: ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ರಾತ್ರಿಯ ಹಾಲಿನಲ್ಲಿ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ! ಹಗಲಿಗೊಂದು ಹಾಲು, ಇರುಳಿಗೊಂದು ಹಾಲು. ಎತ್ತಿಕೊಂಡು ಅಡ್ಡಾಡುವ ಪಾಳಿ ನನ್ನದು. 2022ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಮತ್ತು ತಂಡದವರು ಅಳುವ ಕೂಸುಗಳ ಎದೆಬಡಿತ ಅಳೆದು ಹೇಳಿದ ಉಪಾಯ ಇದು: ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಕೂಡಲೇ ಮಲಗಿಸದೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂಡಿರಿ, ಆಮೇಲೆ ಕೆಳಗಿಳಿಸಿ. ಎದೆಯಿಂದ ಬೇರ್ಪಡುವ ಕ್ಷಣದಲ್ಲೇ ಕೂಸು ಎಚ್ಚರಾಗುವುದಂತೆ. ನಮ್ಮ ಪಡಸಾಲೆಯಲ್ಲಿ ಅರಿವೆಗಳ ಕೆಳಗೆ ತಲೆ ಬಗ್ಗಿಸಿ ನಡೆದು ನೋಡಿದೆ. ಕೆಲಸ ಮಾಡುತ್ತದೆ! ಪ್ರತಿ ಸಲ ಅಲ್ಲ, ಆದರೆ ಮಾಡುತ್ತದೆ. ನನ್ನ ಹಿಂದೆಯೇ ದೊಡ್ಡಾಂವ ನಿದ್ದೆಗಣ್ಣಲ್ಲಿ ತನ್ನ ಕರಡಿ ಗೊಂಬೆ ಎತ್ತಿಕೊಂಡು ನಡೆಯುತ್ತಿದ್ದ. ಎಡಗೈ ಮೇಲೆ! 1960ರ ಸುಮಾರಿಗೆ ಅಮೆರಿಕದ ಲೀ ಸಾಕ್ ಎಂಬ ಮನಶ್ಶಾಸ್ತ್ರಜ್ಞ ಬಲಗೈ ರೂಢಿಯ 255 ತಾಯಂದಿರನ್ನು ಗಮನಿಸಿದಾಗ ಶೇಕಡ 83 ಮಂದಿ ಕೂಸನ್ನು ಎಡಕ್ಕೇ ಎತ್ತಿಕೊಂಡಿದ್ದರು, ಹೃದಯದ ಕಡೆಗೆ.

ಎಲ್ಲವೂ ಹಾಲುಸಕ್ಕರೆ ಎಂದುಕೊಳ್ಳಬೇಡಿ. ಹೆರಿಗೆಯ ನಂತರ ಆಶಾ ಕಾರ್ಯಕರ್ತೆ ಮನೆಗೆ ಬರುವುದು ಗೊತ್ತಲ್ಲ: ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ, ಒಟ್ಟು ಆರು ಭೇಟಿ. ಅವರು ಕೂಸನ್ನು ತಕ್ಕಡಿಯ ಜೋಳಿಗೆಯಲ್ಲಿ ತೂಗಿದಾಗ ಮನೆಮಂದಿಯೆಲ್ಲ ಮುಳ್ಳಿನ ಮೇಲೆ ಕಣ್ಣಿಟ್ಟಿದ್ದೆವು. ದೊಡ್ಡಾಂವ ನೆಲಕ್ಕೆ ಬಿದ್ದು ಹೊರಳಿದ: "ನನ್ನೂ ತೂಗ್ರಿ!" ತೂಗಲು ಆಗದೆಂದಾಗ ಆದ ರಂಪ ಓಣಿಗೆಲ್ಲ ಕೇಳಿಸಿತು. ಅಂದು ರಾತ್ರಿ ಹಾಸಿಗೆ ಒದ್ದೆ.

ಈಗ ಹಿಡಿದುಕೊಳ್ಳಿ! ಚಾರ್ಲ್ಸ್ ಡಾರ್ವಿನ್ ತನ್ನ ಚೊಚ್ಚಲ ಮಗ ವಿಲಿಯಂನನ್ನು ದಿನದಿನವೂ ಗಮನಿಸಿ ಟಿಪ್ಪಣಿ ಮಾಡಿದ್ದ. ಅದನ್ನು 1877ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಪ್ರಕಟಿಸಿದ. ಅದರಲ್ಲಿ ಹೊಟ್ಟೆಕಿಚ್ಚಿನ ಬಗ್ಗೆ ಬರೆಯುತ್ತ ಆತ ಕೊಡುವ ಉದಾಹರಣೆ ಯಾವುದು? ಹದಿನೈದೂವರೆ ತಿಂಗಳ ಮಗನ ಎದುರು ತಾನು ಅವನ ಪುಟ್ಟ ತಂಗಿಯನ್ನು ತೂಗಿದ್ದು! ಜೀವವಿಕಾಸದ ಮಹಾಪುರುಷನ ಮನೆಯಲ್ಲಿ ಆದದ್ದೇ ನಮ್ಮ ಓಣಿಯಲ್ಲೂ ಆಗಿದೆ. ಅದೇ ತಕ್ಕಡಿ, ಅದೇ ತಂಗಿ, ಅದೇ ಕಿಚ್ಚು.

ಇದಕ್ಕೆ ಮದ್ದೇನು? ಬ್ರಿಟನ್ನಿನ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಕೇಂಬ್ರಿಜ್ ಸೀಮೆಯ 40 ಕುಟುಂಬಗಳನ್ನು ಎರಡನೆಯ ಹೆರಿಗೆಗೆ ಮುಂಚಿನಿಂದ ಹಿಂಬಾಲಿಸಿ 1982ರಲ್ಲಿ ಪುಸ್ತಕ ಬರೆದರು. ಕೂಸು ಬಂದ ಮೇಲೆ ಹಿರಿಯ ಮಕ್ಕಳಲ್ಲಿ ಹಟ, ರಚ್ಚೆ ಹೆಚ್ಚಿದ್ದನ್ನು ಅವರೂ ಕಂಡರು. ಜೊತೆಗೆ ಒಂದು ಚಿನ್ನದಂಥ ಸಂಗತಿಯೂ ಸಿಕ್ಕಿತು. ಮೊದಲ ವಾರಗಳಲ್ಲಿ ಯಾವ ತಾಯಂದಿರು ಕೂಸಿಗೂ ಮನಸ್ಸಿದೆ, ಬೇಕುಬೇಡಗಳಿವೆ ಎಂಬಂತೆ ಹಿರಿಯ ಮಗುವಿನೊಡನೆ ಮಾತಾಡಿದ್ದರೋ ಆ ಮನೆಗಳಲ್ಲಿ ವರ್ಷ ಕಳೆದ ಮೇಲೆ ಅಣ್ಣ-ತಂಗಿ, ಅಕ್ಕ-ತಮ್ಮಂದಿರ ನಡುವೆ ಒಲುಮೆ ಹೆಚ್ಚಿತ್ತು! ಯಾಕೆ ಅಳುತ್ತಿರಬಹುದು, ಯಾವುದು ಅದಕ್ಕೆ ಇಷ್ಟ, ನಾವೇನು ಮಾಡೋಣ ಎಂಬಂಥ ಸಾದಾ ಮಾತು. ಅಷ್ಟೇ.

ಮತ್ತೆ ನಮ್ಮವ್ವ! ಕೇಂಬ್ರಿಜ್ ಎಲ್ಲಿದೆಯೆಂದೂ ಕೇಳದ ನಮ್ಮವ್ವ ಮೊದಲ ದಿನದಿಂದ ಮಾಡುತ್ತಿರುವುದು ಇದನ್ನೇ. "ನೋಡಪಾ, ನಿನ್ನ ದನಿ ಕೇಳಿ ಸುಮ್ಮನಾದ್ಲು." "ಆಕಿಗೆ ಥಂಡಿ ಆಗೈತೇನೋ, ಕೌದಿ ಹೊಚ್ಚೋಣೇನು?" ದೊಡ್ಡಾಂವ ಹಣೆ ಗಂಟು ಹಾಕಿ ಯೋಚಿಸಿ, ಹೌದೋ ಅಲ್ಲವೋ ಎಂದು ಸಲಹೆ ಕೊಡುತ್ತಾನೆ. ಇನ್ನೊಬ್ಬರ ತಲೆಯೊಳಗೆ ಏನಿದೆ ಎಂದು ಊಹಿಸುವ ಆ ಯೋಚನೆ ಪುಕ್ಕಟೆ ಹೋಗುವುದಿಲ್ಲ. ಜೋಸೆಫ್ ಪರ್ನರ್ ಮತ್ತು ಸಂಗಡಿಗರು 1994ರಲ್ಲಿ ಮೂರ್ನಾಲ್ಕು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಒಡಹುಟ್ಟಿದವರು ಇದ್ದ ಮಕ್ಕಳು ಬೇರೆಯವರ ತಪ್ಪು ತಿಳಿವಳಿಕೆಯನ್ನು ಬೇಗ ಅರಿಯುತ್ತಿದ್ದರು. ತೊಟ್ಟಿಲ ಬದಿ ನಿಂತವನು ಕೂಸನ್ನು ಬೆಳೆಸುತ್ತಿದ್ದಾನೆಂದುಕೊಂಡರೆ, ಕೂಸೂ ಅವನನ್ನು ಬೆಳೆಸುತ್ತಿದೆ!

ಪ್ರೀತಿ ಅತಿಯಾದಾಗ ಅಪಾಯವೂ ಉಂಟು. ತನ್ನ ಪಾಲಿನ ಅಂಟಿನ ಉಂಡಿಯ ಚೂರನ್ನು ತಂಗಿಯ ಬಾಯಿಗೆ ಇಡಲು ಹೋದವನ ಕೈಯನ್ನು ನನ್ನ ತಂಗಿ ಗಾಳಿಯಲ್ಲೇ ಹಿಡಿದಳು. ಆರು ತಿಂಗಳವರೆಗೆ ಎದೆಹಾಲೇ, ಒಂದು ಹನಿ ನೀರೂ ಬೇಡ. ಹಾಗಾಗಿ ಇಬ್ಬರನ್ನೇ ಬಿಟ್ಟು ಯಾರೂ ಕದಲುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಬೆಚ್ಚಿಬೀಳಿಸಿದ್ದು ಮಾತ್ರ ಕಣ್ಣಿಗೆ ಕಾಣದ್ದು. 1996ರಲ್ಲಿ ಅಮೆರಿಕದ ಡಯಾನಾ ಬಿಯಾಂಕಿ ಮತ್ತು ತಂಡ ತಾಯಂದಿರ ರಕ್ತ ಪರೀಕ್ಷಿಸಿದಾಗ, ಗಂಡುಮಗುವನ್ನು ಹೆತ್ತು 27 ವರ್ಷವಾಗಿದ್ದ ಒಬ್ಬ ತಾಯಿಯ ರಕ್ತದಲ್ಲೂ ಗಂಡು ಜೀವಕೋಶಗಳು ಸಿಕ್ಕವು! ಬಸುರಿನಲ್ಲಿ ಮಗುವಿನ ಕೆಲವು ಕೋಶಗಳು ತಾಯಿಯೊಳಗೆ ದಾಟಿ ಅಲ್ಲೇ ನೆಲೆಸುತ್ತವೆ. ಮುಂದಿನ ಬಸುರು ಬಂದಾಗ? 2012ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಅಣ್ಣಂದಿರಿದ್ದ ಹೆಣ್ಣುಕೂಸುಗಳ ಹೊಕ್ಕುಳಬಳ್ಳಿಯ ರಕ್ತವನ್ನು ನೋಡಿದರು. ಅದರಲ್ಲಿ ಗಂಡು ಕೋಶಗಳ ಕುರುಹು ಸಿಕ್ಕಿತು! ಅಣ್ಣನಿಂದ ಅಮ್ಮನಿಗೆ, ಅಮ್ಮನಿಂದ ತಂಗಿಗೆ. ಇಬ್ಬರೂ ಒಂದೇ ಗರ್ಭದಲ್ಲಿ ಒಂದೇ ಹೊತ್ತಿಗೆ ಇದ್ದವರಲ್ಲ, ನಡುವೆ ವರ್ಷಗಳ ಅಂತರ, ಆದರೂ! ಆ ವಾರವೆಲ್ಲ ನಾನು ಊಟ ಮಾಡುತ್ತ, ಮಾರ್ಕೆಟ್ಟಿಗೆ ಹೋಗುತ್ತ ಇದನ್ನೇ ಯೋಚಿಸಿದೆ. ತರಕಾರಿಯವಳಿಗೂ ಹೇಳಿದೆ. "ಅದರಾಗೇನ ಹೊಸದ್ರಿ, ಒಡಹುಟ್ಟಿದಾವ್ರಲ್ಲಾ" ಎಂದು ಸಬ್ಬಸಿಗೆ ಸೊಪ್ಪಿನ ಸಿವುಡು ಕೈಗಿಟ್ಟಳು.

ಇಷ್ಟೆಲ್ಲ ನಡೆಯುತ್ತಿರುವ ಮನೆಗೆ ಕೂಸು ನೋಡಲು ಬರುವವರು ಏನು ಮಾಡುತ್ತಾರೆ? ದೊಡ್ಡಾಂವನ ಗಲ್ಲ ಹಿಂಡಿ, "ಇನ್ನ ನಿಮ್ಮವ್ವ ನಿನ್ನ ಕಡೆ ನೋಡಂಗಿಲ್ಲ ಬಿಡು" ಎನ್ನುತ್ತಾರೆ. ಇಲ್ಲವೇ "ನಿನ್ನ ತಂಗೀನ ನಮ್ಮ ಮನೀಗೆ ಒಯ್ತೀನಿ" ಎಂದು ಚೀಲ ತೆರೆದು ತೋರಿಸುತ್ತಾರೆ. ಅವನ ಮುಖ ಬಾಡುವುದನ್ನು ನೋಡಿ ಎಲ್ಲರೂ ನಗುತ್ತಾರೆ. ಇದಕ್ಕಿಂತ ಕೆಟ್ಟ ತಮಾಷೆ ನನಗೆ ಗೊತ್ತಿಲ್ಲ. ಕೂಸನ್ನು ನೋಡಲು ಹೋಗುವ ಮಹನೀಯರೇ, ಮಹಿಳೆಯರೇ, ಕುಲಾವಿ ತರುತ್ತೀರಿ, ಸಂತೋಷ. ಹಿರಿಯ ಮಗುವಿಗೂ ಏನಾದರೊಂದು ಹಿಡಿದುಕೊಂಡು ಬನ್ನಿ. ಮೊದಲು ಅವನನ್ನೇ ಮಾತಾಡಿಸಿ. ಕೂಸಿಗೆ ಏನು ಇಷ್ಟ, ಯಾವಾಗ ಮಲಗುತ್ತದೆ, ಯಾಕೆ ಅಳುತ್ತದೆ ಎಂದು ಅವನನ್ನೇ ಕೇಳಿ; ಆ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿರುವವನು ಅವನೇ. ಮತ್ತೆ, ಕೂಸನ್ನು ಮುಟ್ಟುವ ಮುಂಚೆ ದಯವಿಟ್ಟು ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಿ.